ಬಡಾಯಾಸುರನ ಕಡೆಯ ತಲೆ

ಜುಲೈ ೨೬, ಶನಿವಾರ. ಕಲಬುರಗಿ

ಹದಿನೆಂಟೂ ಪುರಾಣ ಬಾಯಿಪಾಠ ಇರುವ ಮನುಷ್ಯ ಇಡೀ ಕಲಬುರಗಿ ಜಿಲ್ಲೆಯಲ್ಲಿ ನಾನೊಬ್ಬನೇ. ಕಮಲಾಪುರದ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಮುಗಿಯುವುದರೊಳಗೆ ಹದಿನೇಳು ಮುಗಿಸಿದ್ದೆ. ಉಳಿದದ್ದನ್ನು ಬೇಸಿಗೆ ಸೂಟಿಯಲ್ಲಿ ಬಾಳಿ ತೋಟ ಕಾಯುತ್ತಾ ಮುಗಿಸಿದೆ. ವ್ಯಾಸರು ಇವತ್ತು ಇದ್ದಿದ್ದರೆ ಎರಡು ಕಡೆ ನನ್ನಿಂದ ತಿದ್ದಿಸಿಕೊಂಡು ಹೋಗುತ್ತಿದ್ದರು.

ಅಂಥಾ ನನ್ನನ್ನು ಇವತ್ತು ಕಾಲು ಮುರಿದುಕೊಂಡು ಮಲಗಿದ ಹತ್ತು ವರ್ಷದ ಹುಡುಗಿ ಪರೀಕ್ಷೆ ಮಾಡಿದಳು.

"ಮಾಮಾ, ಗರುಡಗ ಹಾರಲಿಕ್ಕೆ ಯಾಕ ಅಂಜಿಕಿ ಹೇಳ್ರಿ?"

"ಗರುಡ ಅಂಜೋದಿಲ್ಲವಾ. ಅಂವ ವಿಷ್ಣೂನ ವಾಹನ."

"ಅಂಜತಾನ. ಮ್ಯಾಲ ಹೋದ್ರ ಚಕ್ಕರ್ ಬರ್ತದ ಅವಗ. ಮೂರನೇ ಪುಸ್ತಕದಾಗ ಅದ. ಹದಿನೆಂಟು ಪುರಾಣ ಓದೀನಿ ಅಂತೀರಿ, ಇಷ್ಟೂ ಗೊತ್ತಿಲ್ಲ?"

ಇವಳು ಅಂಜನಾ, ನಮ್ಮ ವಿದ್ಯಾವತಿ ಅಕ್ಕನ ಮಗಳು. ಸೈಕಲ್ ಮೇಲಿಂದ ಬಿದ್ದು ಎಡಗಾಲಿಗೆ ಪ್ಲಾಸ್ಟರ್. ನಡುಮನೆಯಲ್ಲೇ ಪಲಂಗ ಹಾಕಿದ್ದಾರೆ. ಭಾವ ಬೀದರಿನ ಬ್ಯಾಂಕಿನಲ್ಲಿ, ಭಾನುವಾರಕ್ಕೊಮ್ಮೆ ಬರುತ್ತಾರೆ. ಅದಕ್ಕೇ ಹುಡುಗಿಯನ್ನು ನೋಡಿಕೊಳ್ಳಲು ನಾನು ಸೇಡಂ ರಸ್ತೆಯ ಈ ಮನೆಯಲ್ಲಿ ಇದ್ದೇನೆ. ಎಲ್ಲರೂ ಹಾಗೇ ತಿಳಿದಿದ್ದಾರೆ, ತಿಳಿಯಲಿ.

ನಾನು ಕಮಲಾಪುರದಿಂದ ಬಂದದ್ದು ಬೇರೆ ಕೆಲಸಕ್ಕೆ. ಹೆಂಡತಿ ಶುಭದಾ ಜೋಳದ ರೊಟ್ಟಿ ತಟ್ಟಿ ಮಾರುತ್ತಾಳೆ. ಈ ಸಲ ರೊಟ್ಟಿ ಮಶೀನು ತರಲು ರೊಕ್ಕ ಕೊಟ್ಟು ಕಳಿಸಿದಳು. ಅದರ ನಡುವೆ ನನ್ನ ದುಬೈ ವ್ಯವಹಾರ ಕೂಡಿಬಂತು. ಕಮಲಾಪುರದ ಕೆಂಪು ಬಾಳೆ ಒಂದು ಕಂಟೇನರ್. ಫೋನಿನಲ್ಲಿ ನನ್ನ ಫೋಟೋ ಕೆಳಗೆ "ಕೆಂಪು ಬಾಳೆ ಸಾಮ್ರಾಟ" ಅಂತ ಹಾಕಿಕೊಂಡಿದ್ದೆನಲ್ಲ, ಅದನ್ನು ನೋಡಿ ದುಬೈ ಸಾಹೇಬರು ತಾವಾಗಿ ಮೆಸೇಜ್ ಮಾಡಿದರು. ಬಂದರಿನ ಫೀಸು ಅಂತ ಸ್ವಲ್ಪ ರೊಕ್ಕ ಮುಂದಾಗಿ ಕಟ್ಟಿದ್ದೇನೆ. ಮಾಲು ಹೋದಕೂಡಲೇ ವಾಪಸ್ಸು ಬರುತ್ತದೆ. ಸ್ವಲ್ಪ ಅಂದರೆ ಎರಡು ಸಾವಿರ ಇದ್ದೀತು.

ಜುಲೈ ೨೭, ಭಾನುವಾರ

ಅಂಜನಾಳ ಪುಸ್ತಕದಲ್ಲಿ ತಪ್ಪು ಹುಡುಕಿ ಅವಳ ಸೊಕ್ಕು ಮುರಿಯೋಣ ಅಂತ ಮೊದಲನೇದನ್ನು ತೆಗೆದೆ. "ಸ್ವರ್ಗದ ಲಾಯ" ಅಂತ ಹೆಸರು. ದೇವರುಗಳ ವಾಹನ ಕಟ್ಟುವ ಲಾಯ ಅದು. ಅದನ್ನು ಕಾಯುವವನ ಮಗಳು ಚುಕ್ಕಿ. ಒಂದು ಮುಂಜಾನೆ ಎದ್ದು ನೋಡಿದರೆ ಲಾಯ ಖಾಲಿ! ದೇವರುಗಳನ್ನು ಹೊತ್ತೂ ಹೊತ್ತೂ ಬೆನ್ನು ನೋವು ಬಂದು ವಾಹನಗಳೆಲ್ಲ ಓಡಿಹೋಗಿವೆ. ಇಂದ್ರ ಸಭೆಗೆ ನಡೆದುಕೊಂಡು ಬರುತ್ತಾನೆ, ಹೊಸ ಚಪ್ಪಲಿ ಕಚ್ಚಿ ಕುಂಟುತ್ತಿದ್ದಾನೆ. ಅದರ ಚಿತ್ರ ಒಂದು ಪೂರ್ತಿ ಪುಟ. ಯಮನ ಕೋಣಕ್ಕೆ ಕತ್ತಲೆ ಅಂದರೆ ಭಯ, ಚಷ್ಮಾ ಹಾಕಿಕೊಂಡು ಕಂದೀಲು ಹಚ್ಚಿ ಕೂತಿದೆ. ಗಣಪತಿಯ ಇಲಿ ತಕ್ಕಡಿ ತಂದು ನಿಲ್ಲಿಸಿ, "ಮೊದಲು ತೂಕಕ್ಕ ನಿಲ್ರಿ ಸ್ವಾಮಿ, ಆಮ್ಯಾಲ ಬೆನ್ನಿನ ಮಾತು" ಅನ್ನುತ್ತದೆ.

ತಪ್ಪು ಒಂದೂ ಸಿಗಲಿಲ್ಲ. ಅದಕ್ಕೇ ಎರಡನೇದನ್ನೂ ನೋಡಬೇಕಾಯಿತು.

ಮಧ್ಯಾಹ್ನ ಅಕ್ಕ ಬಂದಾಗ ಪುಸ್ತಕವನ್ನು ಪೇಪರಿನೊಳಗೆ ಮುಚ್ಚಿದೆ. "ಏನೋ ರಘು, ಪೇಟೆ ಧಾರಣಿ ನೋಡ್ಕೋತ ಒಬ್ಬನ ನಗಾಕತ್ತಿ?" ಅಂದಳು. ಬಾಳೆ ದರ ಏರಿದೆ ಅಂದೆ.

ಜುಲೈ ೨೯, ಮಂಗಳವಾರ. ಪಂಚಮಿ

ಪಂಚಮಿ ಉಂಡಿ ತಿಂದು ಮೈ ಚುರುಕಾಯಿತು. ಅಂಜನಾಳನ್ನು ನಗಿಸಲು ಮೂರನೇ ಪುಸ್ತಕವನ್ನು ಆಚಾರ್ಯರು ಪ್ರವಚನ ಹೇಳುವ ಧಾಟಿಯಲ್ಲಿ ರಾಗ ಎಳೆದು ಓದಿದೆ. "ಆಗ ಆssss ಗರುಡನು, ಕೆಳಗೆ ನೋಡಿದವನಾಗಿ, ಓಕರಿಸಿದವನಾಗಿ..." ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪ್ಲಾಸ್ಟರ್ ಕಾಲೂ ನಕ್ಕಂತೆ ಕುಣಿಯಿತು.

ಅಷ್ಟರಲ್ಲಿ ಅಕ್ಕನ ಅತ್ತೆ ಮುಕ್ತಾಬಾಯಿ ದೇವರ ಮನೆಯಿಂದ ಗೋಡೆ ಹಿಡಿದು ಬಂದರು. ಎಂಬತ್ತು ದಾಟಿದವರು, ಕಣ್ಣು ಮಂಜು.

"ಚಾತುರ್ಮಾಸದಾಗ ಮನಿಯೊಳಗ ಪುರಾಣ ಹಚ್ಚಿದಿ ರಘೂತ್ತಮಾ. ನಿನಗ ಇಂಥಾ ಬುದ್ಧಿ ಬಂತಲ್ಲೋ! ಆದ್ರ ಪುಸ್ತಕಾ ಹಾಸಗಿ ಮ್ಯಾಲ ಯಾಕಿಟ್ಟಿ?"

ನಾನು ಬಾಯಿ ತೆರೆಯುವುದರೊಳಗೆ ಅಟ್ಟದ ಮೇಲಿಂದ ವ್ಯಾಸಪೀಠ ಇಳಿಯಿತು. ಆ ಮಡಚುವ ಕಟ್ಟಿಗೆ ಪೀಠದ ಮೇಲೆ ಇವರ ಯಜಮಾನರು ಭಾಗವತ ಇಟ್ಟು ಓದುತ್ತಿದ್ದರಂತೆ. ಅದರ ಮೇಲೆ ಈಗ ಚಷ್ಮಾ ಹಾಕಿದ ಕೋಣ. ಮುಂದೆ ದೀಪ. ಮುಕ್ತಾಬಾಯಿ ನಿಯಮ ಹೇಳಿದರು: ಪಾರಾಯಣ ಹಚ್ಚಿದ ಮೇಲೆ ಮಂಗಳ ಆಗುವವರೆಗೆ ಅರ್ಧಕ್ಕೆ ಬಿಡುವಂತಿಲ್ಲ. ಓದುವವನು ವ್ರತ ಬಿಡುವಂತಿಲ್ಲ, ಈ ತಿಂಗಳು ತರಕಾರಿ ಹಣ್ಣು ಬಂದ್, ಮುಂದಿನ ತಿಂಗಳು ಮೊಸರು ಬಂದ್. ಮತ್ತು ಪೀಠದ ಮುಂದೆ ಕೂತವನು ಸುಳ್ಳು ಆಡಬಾರದು.

ಕೆಂಪು ಬಾಳೆ ಸಾಮ್ರಾಟನಿಗೆ ಬಾಳೆಹಣ್ಣು ಇಲ್ಲ! ಅಂಜನಾ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡಿದ್ದಳು.

ಆಗಸ್ಟ್ ೧, ಶುಕ್ರವಾರ

ಓಣಿಯ ಮಂದಿ ಬರಲು ಶುರು ಮಾಡಿದ್ದಾರೆ. ಮೊದಲು ಬಂದವಳು ಎದುರುಮನೆಯ ಹಣಮಮ್ಮ. ಅವಳಿಗೆ ಕಥೆಗಿಂತ ಚಿತ್ರ ಬೇಕು. "ತಿರುಗಿಸಿ ತೋರ್ಸ್ರಿ ಆಚಾರ್ರ, ನಮಗೂ ಕಾಣಲಿ" ಅನ್ನುತ್ತಾಳೆ. ಆಚಾರ್ರ! ನಾನು ಬೇಡ ಅನ್ನಲಿಲ್ಲ. ಕೊನೆಯಲ್ಲಿ ಆರತಿ, ತಾಟಿನಲ್ಲಿ ಹತ್ತು ಇಪ್ಪತ್ತು ರೂಪಾಯಿ ಬೀಳುತ್ತವೆ.

ಸಂಜೆ ನಾಲ್ಕನೇ ಪುಸ್ತಕ ತರಲು ರೋಜಾ ಬಡಾವಣೆಯ ಕಡೆ ಮಕ್ಸೂದನ ಅಂಗಡಿಗೆ ಹೋದೆ. ಕಮಲಾಪುರದ ಸಾಲಿಯಲ್ಲಿ ನಾವಿಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕೂತವರು, ಈಗ ಅವನು ಹಳೇ ಪುಸ್ತಕ ಮಾರುತ್ತಾನೆ. ಚುರುಮುರಿ ಸುಸಲಾ, ಮಿರ್ಚಿ ಭಜಿ ತರಿಸಿದ. ಮೆಣಸಿನಕಾಯಿ ತರಕಾರಿಯೋ ಅಲ್ಲವೋ ಎಂಬುದು ಶಾಸ್ತ್ರದಲ್ಲಿ ಸ್ಪಷ್ಟ ಇಲ್ಲ. ಮೂರು ತಿಂದೆ.

ದುಬೈ ಮಾತು ತೆಗೆದು ಫೋನ್ ತೋರಿಸಿದೆ. ಮಕ್ಸೂದ್ ಮೆಸೇಜುಗಳನ್ನು ಓದಿ ಓದಿ ತಲೆ ಕೆರೆದುಕೊಂಡ.

"ರಘು, ದುಬೈದಾಂವ ಕನ್ನಡದಾಗ ಯಾಕ ಬರೀತಾನೋ?"

"ಕಲ್ತಿರಬೇಕು. ವ್ಯಾಪಾರ ಅಂದ್ರ ಭಾಷಾ ಕಲೀಬೇಕಾಗ್ತದ."

"ಯಾರ್, ನಿನಗಿಂತ ಚೊಲೊ ಕನ್ನಡಾ ಬರೀತಾನ. ಎಷ್ಟು ಕೊಟ್ಟಿ?"

"ಹತ್ತು ಸಾವಿರ ಇರಬೇಕು," ಅಂದೆ. ಅವನು ನನ್ನ ಮುಖ ನೋಡಿ ಇನ್ನೊಂದು ಮಿರ್ಚಿ ಮುಂದೆ ಸರಿಸಿದ. ನನಗೆ ಅದು ಸರಿಬರಲಿಲ್ಲ.

ಆಗಸ್ಟ್ ೪, ಸೋಮವಾರ

ನಾಲ್ಕನೇ ಪುಸ್ತಕದಲ್ಲಿ ಹೊಸ ಪಾತ್ರ ಬಂದಿದೆ. ಬಡಾಯಾಸುರ ಅಂತ ರಾಕ್ಷಸ. ಅವನು ಒಂದು ಸುಳ್ಳು ಹೇಳಿದರೆ ಕುತ್ತಿಗೆಯ ಮೇಲೆ ಒಂದು ಹೊಸ ತಲೆ ಹುಟ್ಟುತ್ತದೆ. ಹೊಸ ತಲೆ ಹಳೇ ಸುಳ್ಳನ್ನು ಕಾಯಲು ಇನ್ನೊಂದು ಸುಳ್ಳು ಹೇಳುತ್ತದೆ, ಅದಕ್ಕೆ ಇನ್ನೊಂದು ತಲೆ. ಚಿತ್ರದಲ್ಲಿ ಒಂದು ತಲೆಗೆ ಚಹಾ ಬೇಕು, ಒಂದಕ್ಕೆ ನಸ್ಯ ಬೇಕು, ಒಂದು ನಿದ್ದೆ ಮಾಡುತ್ತಿದೆ, ನಡುವಿನದು "ನಾನೇ ಮೂಲ ತಲೆ" ಅಂತ ಜಗಳಕ್ಕೆ ನಿಂತಿದೆ. ಒಂದು ಅಂಗಿ ಹಾಕಿಕೊಳ್ಳಲು ಅವನಿಗೆ ಮೂರು ದಿನ ಬೇಕು.

"ಮಾಮಾ, ಇಂವ ನಿಮ್ಮಂಗ ಅದಾನ," ಅಂದಳು ಅಂಜನಾ.

"ನನ್ನಂಗ? ನನಗ ಮೀಸಿ ಅದ, ಅವಗಿಲ್ಲ."

"ಎರಡನೇ ತಲೀಗದ ನೋಡ್ರಿ."

ನೋಡಿದೆ. ಇತ್ತು. ಇಂಥಾ ಪುಸ್ತಕಗಳಿಂದ ಮಕ್ಕಳು ಹಾಳಾಗುತ್ತವೆ.

ಶುಭದಾಳ ಫೋನು. "ಮಶೀನು ಯಾವಾಗ ಬರ್ತದ್ರೀ? ಲಗ್ನದ ಮನಿಯವರು ರೊಟ್ಟಿ ಕೇಳ್ಯಾರ. ಕೈ ಸೋತಾವ." ದಾರಿಯಲ್ಲಿದೆ ಅಂದೆ. ಲಾರಿ ಹುಮನಾಬಾದಿನ ಹತ್ತಿರ ಕೆಟ್ಟು ನಿಂತಿದೆ ಅಂದೆ. ಡ್ರೈವರನ ಹೆಸರೂ ಹೇಳಿದೆ. ಯಾಕೆ ಹೇಳಿದೆನೋ, ಕೇಳಿರಲಿಲ್ಲ.

ಫೋನ್ ಇಟ್ಟು ತಿರುಗಿದರೆ ಅಂಜನಾ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದಳು.

ಆಗಸ್ಟ್ ೬, ಬುಧವಾರ

ಓದಲಿಲ್ಲ. ಗಂಟಲು ನೋವು.

ಸಾಹೇಬರು ನಿನ್ನೆ ಕಡೇ ಸ್ಟ್ಯಾಂಪಿನ ರೊಕ್ಕ ಅಂತ ಸ್ವಲ್ಪ ಕೇಳಿದ್ದರು. ಕಳಿಸಿದೆ. ಇವತ್ತು ನಂಬರು ಬಂದ್. ಅವರ ಫೋಟೋದ ಜಾಗದಲ್ಲಿದ್ದ ಹಡಗೂ ಇಲ್ಲ.

ಅಕ್ಕ ಕೇಳಿದಳು, "ಆರತಿ ತಾಟಿನ ರೊಕ್ಕ ಎಲ್ಲಿ ಅದನೋ?" ಶರಣಬಸವೇಶ್ವರ ಗುಡಿಯ ಹುಂಡಿಗೆ ಹಾಕಿ ಬಂದೆ ಅಂದೆ. "ಪುಣ್ಯದ ಕೆಲಸ ಮಾಡಿದಿ" ಅಂತ ಎರಡು ಚಪಾತಿ ಜಾಸ್ತಿ ಹಾಕಿದಳು. ತಿನ್ನಲು ಆಗಲಿಲ್ಲ. ಗಂಟಲು.

ಆಗಸ್ಟ್ ೭, ಗುರುವಾರ

ಮುಕ್ತಾಬಾಯಿ ನನ್ನನ್ನು ತುಳಸಿಕಟ್ಟೆಯ ಹತ್ತಿರ ಕರೆದರು. ನಾನೇ ಮೊದಲು ಹೇಳಿಬಿಟ್ಟೆ, "ಅಮ್ಮಾರ, ಅದು ಪುರಾಣ ಅಲ್ಲ. ಸಣ್ಣ ಹುಡುಗರ ಪುಸ್ತಕ. ಪಾರಾಯಣ ನಿಲ್ಲಸೂಣು."

ಮುದುಕಿ ಬೊಚ್ಚು ಬಾಯಿ ಬಿಟ್ಟು ನಕ್ಕರು. "ಕಣ್ಣು ಹೋಗ್ಯಾವ ಖರೇ, ಕಿವಿ ಹೋಗಿಲ್ಲೋ. ಗರುಡ ವಾಂತಿ ಮಾಡ್ಕೊಂಡದ್ದು ಯಾವ ಪುರಾಣದಾಗ ಅದ? ಅರವತ್ತು ವರ್ಷ ನಾ ಭಾಗವತ ಕೇಳೀನಿ."

"ಮತ್ತ ಪೀಠ ಯಾಕ ಇಟ್ರಿ? ದೀಪ ಯಾಕ ಹಚ್ಚಿದ್ರಿ?"

"ಕಾಲು ಮುರಕೊಂಡಾಗಿನಿಂದ ಆ ಕೂಸು ನಕ್ಕಿದ್ದಿಲ್ಲ. ಅವತ್ತು ನಕ್ಕಳು. ನಿನ್ನಂಥಾಂವ ನಾಕು ದಿನಕ್ಕ ಬ್ಯಾಸರ ಆಗಿ ಎದ್ದು ಹೋಗ್ತಿದ್ದಿ. ಪೀಠದ ಮುಂದ ಕೂಡಿಸಿದ್ರ ಎದ್ದು ಹೋಗಲಿಕ್ಕೆ ಬರೋದಿಲ್ಲ." ಆಮೇಲೆ ಜಪಮಣಿ ಎಣಿಸುತ್ತಾ, "ಪುಸ್ತಕ ಯಾವುದೇ ಇರ್ಲಿ, ಪೀಠದ ನಿಯಮ ನಿಯಮನ. ಮಂಗಳ ಆಗಬೇಕು. ಸುಳ್ಳು ನಿಲ್ಲಬೇಕು," ಅಂದರು.

ಅರವತ್ತು ವರ್ಷ ಭಾಗವತ ಕೇಳಿದವರ ಬುದ್ಧಿ ಇದು! ನನ್ನನ್ನೇ ಮೋಸ ಮಾಡಿದರು. ಒಂದೇ ತಿಂಗಳಲ್ಲಿ ಎರಡು ಮೋಸ. (ಎರಡು ಅಂತ ಬರೆದೆನೆ? ಇರಲಿ. ದುಬೈದು ಮೋಸ ಅಂತ ಇನ್ನೂ ಪಕ್ಕಾ ಇಲ್ಲ.)

ಸಂಜೆ ಓದಿದೆ. ಗಂಟಲು ಸರಿಹೋಗಿತ್ತು.

ಆಗಸ್ಟ್ ೧೨, ಮಂಗಳವಾರ

ಆರನೇ ಪುಸ್ತಕ ಮುಗಿಯಿತು. ಎಂಥಾ ಪುಸ್ತಕ! ಚುಕ್ಕಿ ಎಲ್ಲ ವಾಹನಗಳನ್ನೂ ಕರೆತಂದಳು. ಆದರೆ ಬಡಾಯಾಸುರ ಲಾಯದ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಾನೆ. ಅವನಿಗೆ ಲಾಯದೊಳಗಿನ ತನ್ನ ಮನೆಗೆ ಹೋಗಬೇಕು, ಅವನ ಹೆಂಡತಿ ಒಳಗಿದ್ದಾಳೆ. ತಲೆಗಳು ಬಾಗಿಲಲ್ಲಿ ಹಿಡಿಸುತ್ತಿಲ್ಲ. ವಾಹನಗಳು ಒಳಗೆ ಹೋಗಲಾರವು, ಹೊರಗಿನ ದೇವರು ಕಾಯುತ್ತಾ ನಿಂತಿದ್ದಾರೆ. ಅಲ್ಲಿಗೆ "ಏಳನೆಯ ಪುಸ್ತಕದಲ್ಲಿ ನೋಡಿ" ಅಂತ ಬರೆದುಬಿಟ್ಟಿದ್ದಾರೆ!

ಓಡಿದೆ ರೋಜಾಕ್ಕೆ. ಮಕ್ಸೂದ್ ಹೇಳಿದ, "ಏಳನೇದು ಬಂದಿಲ್ಲ. ಬರೋ ವರ್ಷ ಛಾಪಾ ಆಗ್ತದಂತ."

"ಬರೋ ವರ್ಷ? ಭಾನುವಾರ ಮಂಗಳ ಅದಲೇ! ಅಂವ ಬಾಗಲಾಗ ಸಿಕ್ಕೊಂಡಾನ!"

"ಯಾರು?"

"ಬಡಾಯಾಸುರ!"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮಕ್ಸೂದ್ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ಚಹಾ ಕೊಟ್ಟ. "ಸಾಲಿಯೊಳಗ ಗಣಿತದ ಮಾಸ್ತರ ಮುಂದ ದಿನಾ ಒಂದು ಹೊಸಾ ಕಥಿ ಕಟ್ಟತಿದ್ದಿ. ಇಷ್ಟು ವರ್ಷ ಪುಕ್ಕಟೆ ಕಟ್ಟಿದಿ. ಈ ಒಂದು ಕೆಲಸಕ್ಕ ಬರೋ ಕಥಿ ಕಟ್ಟಲಿಕ್ಕೆ ಆಗೂದಿಲ್ಲೇನು?"

ಆಗಸ್ಟ್ ೧೪, ಗುರುವಾರ

ನಾನು ಕಥೆ ಕಟ್ಟುತ್ತಿದ್ದೇನೆ, ಅಂಜನಾ ಚಿತ್ರ ಬರೆಯುತ್ತಿದ್ದಾಳೆ. ಹಣಮಮ್ಮನಿಗೆ ಚಿತ್ರ ಇಲ್ಲದಿದ್ದರೆ ನಡೆಯುವುದಿಲ್ಲವಲ್ಲ. ಡ್ರಾಯಿಂಗ್ ಹಾಳೆ ಮುಗಿದು ಕ್ಯಾಲೆಂಡರಿನ ಹಿಂಬದಿಗೆ ಬಂದಿದ್ದಾಳೆ. ನಾನು ಕೋಣ ಬಾಗಿಲು ಮುರಿಯುತ್ತದೆ ಅಂದೆ. "ಬ್ಯಾಡ, ಬಾಗಲ ಏನ್ ತಪ್ಪು ಮಾಡ್ಯದ?" ಅಂದಳು. ವಿಷ್ಣು ಚಕ್ರ ಬಿಟ್ಟು ತಲೆ ಕತ್ತರಿಸುತ್ತಾನೆ ಅಂದೆ. "ಅಷ್ಟು ಸರಳ ಇಲ್ಲ ಮಾಮಾ. ಅವನ ತಲೀ ಅವನs ಇಳಿಸಬೇಕು. ಒಂದು ಖರೇ ಮಾತು, ಒಂದು ತಲಿ ಕಡಿಮಿ."

ಒಪ್ಪಿದೆ. ನನ್ನ ವಿಚಾರವೂ ಹೆಚ್ಚುಕಮ್ಮಿ ಅದೇ ಇತ್ತು.

ಕಡೆಯ ಚಿತ್ರವನ್ನು ತೋರಿಸಲೊಲ್ಲಳು. ದಿಂಬಿನ ಕೆಳಗೆ ಇಟ್ಟಿದ್ದಾಳೆ.

ಅಕ್ಕ ಹೇಳಿದಳು, ಮಂಗಳಕ್ಕೆ ಶುಭದಾಳೂ ಬರುತ್ತಾಳಂತೆ.

ಆಗಸ್ಟ್ ೧೭, ಭಾನುವಾರ

ನಿನ್ನೆ ಅಷ್ಟಮಿ ಉಪವಾಸ, ಇವತ್ತು ಮಂಗಳ. ನಡುಮನೆ ಹಿಡಿಸದಷ್ಟು ಮಂದಿ. ಭಾವ ಬೀದರಿನಿಂದ ಬಂದಿದ್ದರು. ಮಕ್ಸೂದ್ ಬಾಗಿಲ ಹತ್ತಿರ ಕುರ್ಚಿಯ ಮೇಲೆ. ಶುಭದಾ ಮುಂಜಾನೆಯ ಬಸ್ಸಿಗೆ ರೊಟ್ಟಿ ಗಂಟು ಹೊತ್ತುಕೊಂಡು ಬಂದು ಹಣಮಮ್ಮನ ಪಕ್ಕ ಕೂತಿದ್ದಳು. ಅಂಗೈ ಕೆಂಪಾಗಿ ಬೊಬ್ಬೆ ಎದ್ದಿದ್ದವು. ನಾನು ಆ ಕಡೆ ನೋಡಲಿಲ್ಲ.

ಓದಿದೆ. ಓದಿದೆ ಏನು, ಹೇಳಿದೆ. ಪೀಠದ ಮೇಲೆ ಅಂಜನಾಳ ಹಾಳೆಗಳ ಕಟ್ಟು. ಚುಕ್ಕಿ ಬಾಗಿಲಲ್ಲಿ ಕೂತು ಒಂದೊಂದು ತಲೆಯನ್ನೂ ಕೇಳುತ್ತಾಳೆ, ನೀನು ಯಾವ ಸುಳ್ಳಿನಿಂದ ಹುಟ್ಟಿದೆ? ಒಂದು ತಲೆ, "ನಾನು ಸಮುದ್ರ ಮಥನದಲ್ಲಿ ಹಗ್ಗ ಹಿಡಿದಿದ್ದೆ ಅಂದೆ, ಖರೇ ಅಂದರೆ ಚಹಾ ಕೊಡುತ್ತಿದ್ದೆ" ಅನ್ನುತ್ತದೆ, ಉದುರುತ್ತದೆ. ಮಂದಿ ನಕ್ಕರು. ಇನ್ನೊಂದು ಉದುರಿತು, ಮತ್ತೂ ನಕ್ಕರು. ನನ್ನಂಥಾ ಪ್ರವಚನಕಾರ ಈ ಊರಿನಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ. ಇದು ಮಾತ್ರ ಬಡಾಯಿ ಅಲ್ಲ.

ಕಡೆಯ ಹಾಳೆ ತಿರುವಿದೆ. ಬಡಾಯಾಸುರನಿಗೆ ಎರಡೇ ತಲೆ ಉಳಿದಿವೆ. ಒಂದು ಅವನದೇ. ಇನ್ನೊಂದಕ್ಕೆ ನನ್ನ ಮೀಸೆ, ನನ್ನ ಟೊಪ್ಪಿಗೆ. ಬಾಯಿಯ ಮುಂದೆ ಮಾತು ಬರೆಯುವ ಗುಳ್ಳೆ. ಗುಳ್ಳೆ ಖಾಲಿ.

"ಇದರಾಗ ಏನೂ ಬರದಿಲ್ಲಲ್ಲವಾ," ಅಂದೆ ಮೆಲ್ಲಗೆ.

"ನೀವ ಹೇಳ್ರಿ ಮಾಮಾ," ಅಂದಳು ಪಲಂಗದಿಂದ, ಎಲ್ಲರಿಗೂ ಕೇಳುವಂತೆ. "ಆ ತಲೀ ಏನ್ ಸುಳ್ಳು ಹೇಳಿತ್ತು?"

ದಿನವಿಡೀ ನಡುಮನೆಯಲ್ಲಿ ಮಲಗಿದವಳಿಗೆ ನನ್ನ ಫೋನಿನ ಮಾತೆಲ್ಲ ಕೇಳಿದೆ ಅಂತ ಆಗ ಹೊಳೆಯಿತು. ಮುಕ್ತಾಬಾಯಿ ಜಪಮಣಿ ನಿಲ್ಲಿಸಿದರು. ಹಣಮಮ್ಮ, "ಹೇಳ್ರಿ ಆಚಾರ್ರ, ಆರತಿ ಆರ್ತದ" ಅಂದಳು.

"ರೊಟ್ಟಿ ಮಶೀನು ದಾರಿಯೊಳಗ ಅದ ಅಂತ ಹೇಳಿತ್ತು," ಅಂದೆ. ಪ್ರವಚನದ ರಾಗ ಎಲ್ಲಿ ಹೋಯಿತೋ. "ಲಾರಿ ಇಲ್ಲ. ಡ್ರೈವರ್ ಇಲ್ಲ. ಮಶೀನಿನ ರೊಕ್ಕ ದುಬೈದಾಂವ ಅಂತ ಯಾರೋ ತಿಂದ."

ಹಣಮಮ್ಮ ಮಾತ್ರ ನಕ್ಕಳು.

ಶುಭದಾ ನನ್ನನ್ನು ನೋಡಿದಳು. "ಎಷ್ಟು?"

"ನಲವತ್ತು ಸಾವಿರ," ಅಂದೆ.

ಮುಕ್ತಾಬಾಯಿ ತಾವೇ ಎದ್ದು ಮಂಗಳಾರತಿ ಮಾಡಿದರು. ಅಂಜನಾ ಆ ಹಾಳೆಯನ್ನು ವಾಪಸ್ಸು ತೆಗೆದುಕೊಂಡು ಗುಳ್ಳೆಯಲ್ಲಿ ಏನೂ ಬರೆಯದೆ ಇಟ್ಟುಕೊಂಡಳು.

ಆಗಸ್ಟ್ ೧೮, ಸೋಮವಾರ. ಕಮಲಾಪುರ

ಬಸ್ಸಿನಲ್ಲಿ ಶುಭದಾ ಬೆರಳು ಮಡಚಿ ಲೆಕ್ಕ ಹಾಕುತ್ತಾ ಕೂತಿದ್ದಳು. ಊರು ಹತ್ತಿರ ಬಂದಾಗ ಒಮ್ಮೆಲೇ ಅಂದಳು, "ಹೋಗ್ಲಿ ಬಿಡ್ರಿ. ನಾ ಕೊಟ್ಟ ಎಂಬತ್ತಾರು ಸಾವಿರದಾಗ ನಲವತ್ತು ಹೋದ್ರ ನಲವತ್ತಾರು ಉಳೀತದ. ಸಣ್ಣ ಮಶೀನು ಬರ್ತದ. ಬುಧವಾರ ನಾನs ಬರ್ತೀನಿ ಅಂಗಡಿಗೆ."

ಹೂಂ ಅಂದೆ.

ಕುತ್ತಿಗೆ ಹಿಡಿದುಕೊಂಡಿದೆ. ಬಸ್ಸಿನ ಗಾಳಿ ಇರಬೇಕು.

ಆಗಸ್ಟ್ ೧೯, ಮಂಗಳವಾರ

ಮುಂಜಾನೆ ಅಂಜನಾಳ ಫೋನು. ಪ್ಲಾಸ್ಟರ್ ಮುಂದಿನ ವಾರ ತೆಗೆಯುತ್ತಾರಂತೆ. ಏಳನೇ ಪುಸ್ತಕದ ಹೆಸರು ಏನಿಡೋಣ ಅಂತ ಕೇಳಿದಳು. ಆಮೇಲೆ ದನಿ ಇಳಿಸಿ, "ಮಾಮಾ, ತಲೀ ಎಷ್ಟು ಉಳದಾವ?"

"ಎರಡು," ಅಂದೆ.

"ಅಯ್ಯ. ಹಂಗಾದ್ರ ಅಂವ ಇನ್ನೂ ಬಾಗಲಾಗ ಇದ್ದಾನ?"

"ಇದ್ದಾನವಾ."

"ಅವನ ಹೆಂಡ್ತಿ ಒಳಗ ಕಾಯಾಕತ್ತಾಳ," ಅಂತ ಹೇಳಿ ಫೋನ್ ಇಟ್ಟಳು.

ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಶುಭದಾ ರೊಟ್ಟಿ ತಟ್ಟುತ್ತಿದ್ದಳು, ಟಪ್ ಟಪ್ ಅಂತ. ಹೇಳಿದೆ. ನಲವತ್ತಾರೂ ಇಲ್ಲ ಅಂದೆ. ಆರತಿ ತಾಟಿನದನ್ನೂ ಹೇಳಿದೆ. ಸಪ್ಪಳ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದರೂ ಅವಳು ತಿರುವಿ ಹಾಕಲಿಲ್ಲ. ನಾನು ಬಗ್ಗಿ ತೆಗೆಯಲು ಹೋಗಿ ಬೆರಳು ಸುಟ್ಟುಕೊಂಡೆ.

ಹಂಚು ಕೆಳಗಿಳಿಸಿ, "ಕೈ ತೊಳಕೊಂಡು ಬರ್ರಿ," ಅಂದಳು. "ಲಗ್ನದ ಮನಿ ರೊಟ್ಟಿ ಇನ್ನೂ ಅರ್ಧ ಉಳದಾವ. ನೀವs ಮಶೀನು ಇನ್ನ. ಒಂದು ವರ್ಷ ಕೆಡೋ ಹಂಗಿಲ್ಲ. ಮೊದಲ ತಟ್ಟಿ ಗಳಿಸಿದ್ದು ಶರಣಬಸವೇಶ್ವರ ಗುಡಿಗೆ, ಉಳದದ್ದು ನನಗ."

ನನ್ನ ಮೊದಲ ರೊಟ್ಟಿ ಜಿಲ್ಲೆಯ ನಕ್ಷೆಯಂತೆ ಬಂತು. ಚಿಂಚೋಳಿಯ ಕಡೆ ಹರಿದಿತ್ತು. ಅವಳು ಅದನ್ನು ಎತ್ತಿ ಹಿಡಿದು ನೋಡಿದಳು. ಬಾಯಿಯ ಒಂದು ತುದಿ ಸ್ವಲ್ಪ ಅಲುಗಿತು. ನಕ್ಕಳು ಅಂತ ಬರೆದರೆ ಸುಳ್ಳಾಗುತ್ತದೆ.

ಬೆರಳಿಗೆ ಎಣ್ಣೆ ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಹಿಂದೆ ಎರಡು ಸಾವಿರ ಅಂತ ಬರೆದದ್ದು, ಹತ್ತು ಅಂದದ್ದು, ನಲವತ್ತು ಅಂದದ್ದು ಯಾವುದೂ ಅಲ್ಲ. ಹೋದದ್ದು ಶುಭದಾ ಕೊಟ್ಟ ಎಂಬತ್ತಾರು ಸಾವಿರವೂ, ಆರತಿ ತಾಟಿನ ಮುನ್ನೂರಾ ಐವತ್ತೊಂದೂ. ಕೂಡಿಸಿದರೆ ಎಂಬತ್ತಾರು ಸಾವಿರದ ಮುನ್ನೂರಾ ಐವತ್ತೊಂದು ರೂಪಾಯಿ.